ಎರಡು ಮೀಟರ್ ರೆಕ್ಕೆಗೆ ಯಾವುದು: ಬಾಲ್ಸಾ, ಬೋರ್ಡ್ ಶೀಟು, ಥರ್ಮೋಕೋಲ್?

ರಿಮೋಟಿನಿಂದ ಹಾರಿಸುವ ಒಂದೇ ಮಾದರಿ ವಿಮಾನದ ಒಡಲಿಗೆ ಮೂರು ಬಗೆಯ ರೆಕ್ಕೆ ಮಾಡಿ ಹಾರಿಸಿ ನೋಡಿದೆ. ಮೂರೂ 2 ಮೀಟರ್ ಉದ್ದ, 33 ಸೆಂ.ಮೀ. ಅಗಲ. ಮೋಟಾರು, ಸರ್ವೋ (ರೆಕ್ಕೆ, ಬಾಲದ ಪಟ್ಟಿಗಳನ್ನು ತಿರುಗಿಸುವ ಪುಟ್ಟ ಮೋಟಾರು), ನಾಲ್ಕು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ ಬದಲಾಯಿಸಲಿಲ್ಲ. ರೆಕ್ಕೆ ಬಿಟ್ಟು ಉಳಿದದ್ದು ಸುಮಾರು 2 ಕೆ.ಜಿ.

ಬಾಲ್ಸಾ ಎಂದರೆ ತುಂಬಾ ಹಗುರದ ಮರ, ಅದರ ರೆಕ್ಕೆ ತೂಗಿದ್ದು 480 ಗ್ರಾಂ. ಹಾರಿದ್ದು ಬೆಣ್ಣೆಯಂತೆ. ಆದರೆ ಮರ, ಮೇಲಿನ ಫಿಲ್ಮ್ ಸೇರಿ ನಾಲ್ಕು ಸಾವಿರ ದಾಟಿತು, ಮೂರು ವಾರದ ಭಾನುವಾರಗಳೂ ಹೋದವು. ಇಳಿಸುವಾಗ ತುದಿ ನೆಲಕ್ಕೆ ತಾಗಿ ರೆಕ್ಕೆಯೊಳಗಿನ ನಾಲ್ಕು ರಿಬ್ (ಆಕಾರ ಹಿಡಿದಿಡುವ ಅಡ್ಡಪಟ್ಟಿ) ಮುರಿದವು. ಅಷ್ಟೇ, ಮುಂದೆ ಹೇಳಲು ಮನಸ್ಸಿಲ್ಲ.

ಇನ್ನು ಬೋರ್ಡ್ ಶೀಟು. ಕರೆಂಟ್ ಕಂಬಕ್ಕೆ ಟ್ಯೂಷನ್ ಜಾಹೀರಾತು ಕಟ್ಟಿರುತ್ತಾರಲ್ಲ, ಆ ಟೊಳ್ಳು ಪ್ಲಾಸ್ಟಿಕ್ ಶೀಟು, ಎಲ್ಲಕ್ಕಿಂತ ಅಗ್ಗ. 3 ಮಿ.ಮೀ. ಶೀಟಿಗೆ ಮುನ್ನೂರು ರೂಪಾಯಿಯೂ ಆಗಲಿಲ್ಲ. ಒಳಗಿನ ಕೊಳವೆಗಳು ರೆಕ್ಕೆಯ ಉದ್ದಕ್ಕೇ ಇರಬೇಕು, ಅಡ್ಡ ಇಟ್ಟರೆ ಮಡಚಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಆದ್ದರಿಂದ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಉಪ್ಪುಕಾಗದ ಉಜ್ಜಿ, ಮೇಲೆ ಜಿಪ್ ಟೈ ಬಿಗಿದೆ. ಕೆರೆಯಂಗಳದಲ್ಲಿ ಮೂಗು ಕುಟ್ಟಿ ಬಿದ್ದರೂ ಧೂಳು ಕೊಡವಿ ಮತ್ತೆ ಹಾರಿಸಿದೆ!

ತೊಂದರೆ ತೂಕದ್ದು. 950 ಗ್ರಾಂ. ಇಂಥ ನಿಧಾನದ ವಿಮಾನಕ್ಕೆ ಕೆ.ಜಿ.ಗೆ ಸುಮಾರು 200 ವಾಟ್ ಲೆಕ್ಕ ಹಿಡಿಯುತ್ತಾರೆ. 14.8 ವೋಲ್ಟ್ ಬ್ಯಾಟರಿಯಲ್ಲಿ ಅರ್ಧ ಕೆ.ಜಿ. ಹೆಚ್ಚಾದರೆ 7 ಆಂಪಿಯರ್ ಜಾಸ್ತಿ ಎಳೆಯಬೇಕು. ಹಾರಾಟ 12 ನಿಮಿಷದಿಂದ 9ಕ್ಕೆ ಇಳಿಯಿತು. ಮೊದಲಿನಷ್ಟು ಹೊತ್ತು ಬೇಕೆಂದರೆ ದೊಡ್ಡ ಬ್ಯಾಟರಿ, ಅದರ ತೂಕಕ್ಕೆ ಮತ್ತೆ ದೊಡ್ಡ ಮೋಟಾರು. ಶೀಟಿನಲ್ಲಿ ಉಳಿಸಿದ ದುಡ್ಡು ಬ್ಯಾಟರಿ ಅಂಗಡಿಯವನ ಪಾಲು.

ಥರ್ಮೋಕೋಲನ್ನು ಕೊನೆಗೆ ಇಟ್ಟುಕೊಂಡಿದ್ದೆ, ಸುಮ್ನೆ ಮಕ್ಕಳ ಪ್ರಾಜೆಕ್ಟ್ ಸಾಮಾನು ಅಂತ. ತಪ್ಪು ತಿಳಿದಿದ್ದೆ. ದಪ್ಪ ಹಲಗೆಯ ಎರಡು ತುದಿಗೂ ರೆಕ್ಕೆಯ ಆಕಾರದ ಸನ್ಮೈಕಾ ತುಂಡು ಅಂಟಿಸಿ, ಬಿಸಿ ಮಾಡಿದ ನೈಕ್ರೋಮ್ ತಂತಿಯನ್ನು (ಹೀಟರ್ ಕಾಯಿಲಿನಲ್ಲಿರುವಂಥದ್ದು) ಅವುಗಳ ಮೇಲೆ ಎಳೆದರೆ ರೆಕ್ಕೆ ಕೇಕಿನಂತೆ ಕತ್ತರಿಸಿ ಬರುತ್ತದೆ. ಕಿಟಕಿ ತೆರೆದಿಡಿ, ಹೊಗೆ ಒಳ್ಳೆಯದಲ್ಲ. ನಡುವೆ ಉದ್ದಕ್ಕೆ ತೋಡು ಕೊರೆದು ಅಲ್ಯೂಮಿನಿಯಂ ಕೊಳವೆ ಕೂರಿಸಿದೆ. ಮೇಲೆ ಮಕ್ಕಳ ಪುಸ್ತಕಕ್ಕೆ ಹಾಕುವ ಬ್ರೌನ್ ಪೇಪರ್, ನೀರು ಬೆರೆಸಿದ ಫೆವಿಕಾಲ್. ಒಣಗುತ್ತಾ ಕಾಗದ ಬಿಗಿದುಕೊಂಡು ತಮಟೆಯಂತಾಯಿತು. ಮೇಲೆ ಒಂದು ಕಡೆ ಹಚ್ಚಿ ಬಿಟ್ಟರೆ ರೆಕ್ಕೆ ಸೊಟ್ಟಗಾಗುತ್ತದೆ, ಕೆಳಗೂ ಅದೇ ದಿನ ಹಚ್ಚಬೇಕು. ತಕ್ಷಣ ಹಿಡಿಯುವ ಸೂಪರ್ ಗ್ಲೂ ಮಾತ್ರ ಬೇಡ, ಥರ್ಮೋಕೋಲನ್ನೇ ತಿಂದುಬಿಡುತ್ತದೆ.

ತೂಕ 630 ಗ್ರಾಂ, ಖರ್ಚು ಆರುನೂರು, ಹಾರಾಟ 11 ನಿಮಿಷ. ಬಾಲ್ಸಾದಷ್ಟು ನಯವಿಲ್ಲ, ನಿಜ. ನೀರು ತಾಗಿದರೆ ಕಾಗದ ಏಳುತ್ತದೆ, ಅದಕ್ಕೆ ವಾರ್ನಿಷ್ ಬಳಿದಿದ್ದೇನೆ. ಆದರೂ ಈಗ ಹಾರಿಸುತ್ತಿರುವುದು ಇದನ್ನೇ.

ಬೋರ್ಡ್ ಶೀಟನ್ನು ಬಿಸಾಡಿಲ್ಲ. ಬಾಡಿಯ ತಳಕ್ಕೆ ಹಾಕಿದೆ, ಕಲ್ಲಿಗೆ ಉಜ್ಜುವುದು ಅಲ್ಲೇ ಅಲ್ವಾ. ಬಾಲಕ್ಕೆ ಬೇಡ, ಅಲ್ಲಿ ಭಾರವಾದರೆ ತೂಕ ಸರಿದೂಗಿಸಲು ಮೂಗಿಗೆ ಸೀಸ ಕಟ್ಟಬೇಕಾಗುತ್ತದೆ.