ಪೋನಿಗೆ ಕಡಿವಾಣ ತಗೊಳ್ಳೋರೇ, ಅಂಗಡಿಯಲ್ಲೇ ಅಳೆದು ನೋಡಿ

ದಾವಣಗೆರೆ, ಚಿತ್ರದುರ್ಗ ಕಡೆ ಪೋನಿ (ಗಿಡ್ಡ ಜಾತಿಯ ಕುದುರೆ) ಸಾಕಿರೋರು ದಯವಿಟ್ಟು ಇದನ್ನ ಓದಿ. "ಸ್ಟೇನ್‌ಲೆಸ್ ಸ್ಟೀಲು, 4.5 ಇಂಚು, ಬಾಯಿಗೆ ಮೆತ್ತಗಿರ್ತದೆ" ಅಂತ ದಾವಣಗೆರೆಯ ಒಂದು ಅಂಗಡಿಯವರು ನನಗೆ 1,400 ರೂಪಾಯಿಗೆ ಕೊಟ್ಟ ಕಡಿವಾಣ (ಲಗಾಮು ಕಟ್ಟೋಕೆ ಬಾಯೊಳಗೆ ಹಾಕೋ ಲೋಹದ ಸರಳು) ಸ್ಟೀಲೂ ಅಲ್ಲ, 4.5 ಇಂಚೂ ಅಲ್ಲ, ಮೆತ್ತಗಂತೂ ಅಲ್ಲವೇ ಅಲ್ಲ.

ಹಾಕಿದ ದಿನವೇ ಪೋನಿ ತಲೆ ಕೊಡವಿತು, ಬಾಯಿ ತೆರೆಯಿತು, ನಾಲಿಗೆಯನ್ನ ಕಡಿವಾಣದ ಮೇಲಕ್ಕೆ ತಂದುಕೊಂಡಿತು. ಫೋನ್ ಮಾಡಿದರೆ ಅವರ ಮಾತು ಕೇಳಿ: "ತಲೆ ಕೊಡವ್ತದಾ? ಹಂಗಾದ್ರೆ ಮುಳ್ಳಿಂದು ಹಾಕ್ರಿ, ಎರಡು ದಿನಕ್ಕೆ ದಾರಿಗೆ ಬರ್ತದೆ." ನೋವಿಗೆ ಕೊಡವೋ ಪ್ರಾಣಿಗೆ ಮುಳ್ಳು!

ಆಗ ಜೇಬಿನ ದಾರದ ನೆನಪಾಯಿತು. ಹೌದು, ಅಳತೆಯ ದಾರ ಅಂಗಡಿಗೆ ಹೋದಾಗಲೂ ಜೇಬಲ್ಲೇ ಇತ್ತು. ಕಡಿವಾಣ ಕೂರೋ ಜಾಗದಲ್ಲಿ ಬಾಯೊಳಗೆ ಹಾಯಿಸಿ, ತುಟಿಯ ಎರಡು ಮೂಲೆಗೂ ಗಂಟು ಹಾಕಿದ್ದ ದಾರ. ಗಂಟಿಂದ ಗಂಟಿಗೆ 4.25 ಇಂಚು, ಎರಡೂ ಕಡೆ ಸೇರಿ ಕಾಲು ಇಂಚು ಜಾಗ ಬಿಟ್ಟರೆ 4.5. ಬಳೆ (ಲಗಾಮು ಕಟ್ಟೋಕೆ ಸರಳಿನ ಎರಡು ತುದಿಯಲ್ಲಿರೋ ಉಂಗುರ) ಸಡಿಲವಾಗಿ ತಿರುಗೋ ಕಡಿವಾಣವಾದರೆ ಅರ್ಧ ಇಂಚಿನ ತನಕ ಬಿಡಬಹುದು. ಪ್ಯಾಕೆಟ್ ಮೇಲೆ ಪೆನ್ನಲ್ಲಿ 4.5 ಅಂತ ಬರೆದಿತ್ತು, ಅದನ್ನ ನಂಬಿ ದಾರ ಹೊರಗೇ ತೆಗೆಯಲಿಲ್ಲ. ನಾಚಿಕೆ ಆಗೋದು ಇದಕ್ಕೇ. ಮನೆಯಲ್ಲಿ ಹಿಡಿದರೆ ಕಡಿವಾಣ ಗಂಟು ದಾಟಿ ಹೋಯಿತು. ಬಳೆಯಿಂದ ಬಳೆಗೆ, ಒಳಗಿನಿಂದ, 5.25 ಇಂಚು. ದೊಡ್ಡ ಕುದುರೆಯದನ್ನ ಪೋನಿಯದು ಅಂತ ಕೊಟ್ಟಿದ್ದಾರೆ.

ಮತ್ತೆ ಫೋನ್. "ದೊಡ್ಡದಿದ್ರೆ ಇನ್ನೂ ಆರಾಮ ಅಲ್ವೇನ್ರಿ?"

ಅಲ್ಲ. ಅಗಲ ಹೆಚ್ಚಾದರೆ ಕಡಿವಾಣ ಅತ್ತಿತ್ತ ಜಾರುತ್ತೆ, ಸರಳಿನ ತುಂಡುಗಳು ಸೇರೋ ನಡುವಿನ ಕೀಲು ಮಧ್ಯದಲ್ಲಿ ನಿಲ್ಲಲ್ಲ. ಒಂದೇ ಕೀಲಿನದಾದರೆ ಲಗಾಮು ಎಳೆದಾಗ ಮಡಚಿಕೊಂಡು ತುದಿ ಬಾಯಿಯ ಅಂಗುಳಕ್ಕೆ ಚುಚ್ಚಬಹುದು, ಎರಡು ತೋಳು ಸೇರಿ ದವಡೆಯನ್ನ ಅಡಕತ್ತರಿ ಹಿಡಿದಂಗೆ ಹಿಡಿಯುತ್ತೆ. ಕಡಿವಾಣ ಕೂರೋದು ಮುಂದಿನ ಹಲ್ಲಿಗೂ ದವಡೆಹಲ್ಲಿಗೂ ನಡುವಿನ ಹಲ್ಲಿಲ್ಲದ ಸಂದಿಯಲ್ಲಿ. ಅಲ್ಲಿ ಮೂಳೆಯ ಮೇಲೆ ತೆಳು ಚರ್ಮ ಅಷ್ಟೇ.

"ದಪ್ಪ ಇದ್ದಷ್ಟೂ ಮೆತ್ತಗೆ" ಅನ್ನೋದನ್ನೂ ನಂಬಬೇಡಿ. ಇದರ ದಪ್ಪ 20 ಮಿಮೀ. ದಪ್ಪ ಸರಳು ಒತ್ತಡ ಹಂಚುತ್ತೆ, ನಿಜ, ಆದರೆ ಬಾಯಲ್ಲಿ ಜಾಗ ಇದ್ದರೆ ತಾನೇ? ಪೋನಿಗಳ ಬಾಯಿ ಚಿಕ್ಕದು, ನಾಲಿಗೆ ದಪ್ಪ. ಆ ಸಂದಿಯಲ್ಲಿ ಎರಡು ಬೆರಳು ಅಡ್ಡ ಇಟ್ಟು ಬಾಯಿ ಮುಚ್ಚಿಸಿ ನೋಡಿ, ಬೆರಳು ಆಗಲೇ ಅದುಮಿಕೊಂಡರೆ ತೆಳುವಾದದ್ದೇ ಬೇಕು. ಬಹಳಷ್ಟು ಪೋನಿಗಳಿಗೆ 12ರಿಂದ 14 ಮಿಮೀ ಹೊಂದುತ್ತೆ. ಎರಡು ಕೀಲು ಇದ್ದು ನಡುವೆ ಗುಂಡನೆಯ ತುಂಡು ಇರೋದು ನಾಲಿಗೆ ಮೇಲೆ ಸಮನಾಗಿ ಕೂರುತ್ತೆ. ಆ ತುಂಡು ಚಪ್ಪಟೆಯಾಗಿ ಓರೆ ನಿಂತಿದ್ದರೆ ಅಂಚು ನಾಲಿಗೆಗೆ ಒತ್ತುತ್ತೆ, ಅದು ಬೇಡ.

ಇನ್ನು ಸ್ಟೀಲಿನ ಕಥೆ. ಕೀಲಿನ ಹತ್ತಿರ ಉಗುರಲ್ಲಿ ಕೆರೆದರೆ ಹೊಳಪು ಪೊರೆಯಂಗೆ ಎದ್ದು ಬಂತು, ಒಳಗೆ ತುಕ್ಕು. ಕಬ್ಬಿಣಕ್ಕೆ ಪಾಲಿಶ್! ಎದ್ದ ಪೊರೆಯ ಅಂಚು ಬ್ಲೇಡಿನಂಗೆ ತುಟಿ ಕೊಯ್ಯುತ್ತೆ. ಮ್ಯಾಗ್ನೆಟ್ ಗಟ್ಟಿಯಾಗಿ ಕಚ್ಚಿಕೊಂಡರೆ ಅನುಮಾನಪಡಿ. ಬಳೆ ತಿರುಗೋ ತೂತಿನ ಬಾಯಿ ಸವೆದು ಅಗಲ ಆಗಿದೆಯಾ ಅಂತಲೂ ನೋಡಿ, ಅಲ್ಲಿ ತುಟಿ ಸಿಕ್ಕಿ ಚಿವುಟುತ್ತೆ.

ಬದಲಿಸಿ ಕೊಡಿ ಅಂದರೆ, "ಬಾಯಿಗೆ ಹಾಕಿದ್ದು ವಾಪಸ್ ತಗೊಳ್ಳಲ್ಲ ಯಜಮಾನ್ರೇ." ಬಿಲ್ಲಿನಲ್ಲಿ "ಕಡಿವಾಣ 1" ಅಂತ ಮಾತ್ರ ಇದೆ. ಅಳತೆ ಇಲ್ಲ, ಲೋಹ ಇಲ್ಲ. ನೀವಾದರೂ ಎರಡನ್ನೂ ಬರೆಸಿಕೊಳ್ಳಿ. ದಾರ, ಮ್ಯಾಗ್ನೆಟ್ ಜೊತೆಗೆ ಒಯ್ಯಿರಿ, ಒಯ್ದ ಮೇಲೆ ಹೊರಗೆ ತೆಗೆಯಿರಿ! ಕೊಳ್ಳುವ ಮೊದಲು ಪಶುವೈದ್ಯರಿಗೆ ಬಾಯಿ ತೋರಿಸಿ. ಮೇಲಿನ ದವಡೆಹಲ್ಲಿನ ಮುಂದೆ ಕೆಲವಕ್ಕೆ ಸಣ್ಣದೊಂದು ಹಲ್ಲಿರುತ್ತೆ, ಅದಿದ್ದರೆ ಎಂಥ ಕಡಿವಾಣವೂ ನೋಯಿಸಬಹುದು.

ಮುಳ್ಳಿನ ಕಡಿವಾಣ ಬಳಸೋದು ಭಾರ ಎಳೆಯುವ, ಹೊರುವ ಪ್ರಾಣಿಗಳ 1965ರ ನಿಯಮದ ಪ್ರಕಾರ ನಿಷಿದ್ಧ. ಇದನ್ನ ಹೇಳಿದ್ದಕ್ಕೆ ಬಂದ ಉತ್ತರ: "ಎಲ್ಲರೂ ತಗೊಂಡು ಹೋಗ್ತಾರೆ, ನಿಮ್ಮೊಬ್ಬರದೇ ತಕರಾರು." ಅವರ ಗೋಡೆಯ ಮೊಳೆಗೆ ಅಂಥವು ಮೂರು ನೇತಾಡುತ್ತಿದ್ದವು.