34ನೆಯ ವಯಸ್ಸಿನಲ್ಲಿ ಸೀತಾಳೆ ಸಿಡುಬು: ಕ್ಯಾಲಮೈನ್ ಲೋಷನ್ ಎಷ್ಟರಮಟ್ಟಿಗೆ ಕೈಹಿಡಿಯಿತು

ಕಳೆದ ತಿಂಗಳು, 34ನೆಯ ವಯಸ್ಸಿನಲ್ಲಿ, ನನಗೆ ಚಿಕನ್‌ಪಾಕ್ಸ್ ಬಂತು. ಹಿರಿಯರು ಸೀತಾಳೆ ಸಿಡುಬು ಎನ್ನುವ ಈ ಕಾಯಿಲೆಯಲ್ಲಿ ನರಳಿದ ಹನ್ನೆರಡು ದಿನ ನನ್ನ ಹಾಸಿಗೆಯ ಪಕ್ಕದಿಂದ ಕದಲದೆ ಇದ್ದ ವಸ್ತುವೆಂದರೆ 100 ಮಿಲಿಲೀಟರಿನ ಕ್ಯಾಲಮೈನ್ ಲೋಷನ್ ಬಾಟಲಿ. ಒಂದು ಬಾಟಲಿ ಪೂರ್ತಿ ಮುಗಿಯಿತು, ಇನ್ನೊಂದು ಮುಕ್ಕಾಲು ಭಾಗ ಮುಗಿಯಿತು. ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ನನ್ನ ಮೈಮೇಲೆಯೇ ಕಂಡುಕೊಂಡಿದ್ದರಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನವೆಗೆ ಇದು ಒಳ್ಳೆಯದು, ಆದರೆ ದೊಡ್ಡವರಿಗೆ ಬಂದ ಚಿಕನ್‌ಪಾಕ್ಸ್‌ಗೆ ಇದು ಔಷಧವಲ್ಲ. ಈ ವ್ಯತ್ಯಾಸ ತಿಳಿಯದೆ ನಾನು ಒಂದೂವರೆ ದಿನವನ್ನು ಕಳೆದುಕೊಂಡೆ.

ಸೋಂಕು ಬಂದದ್ದು ಅಕ್ಕನ ಆರು ವರ್ಷದ ಮಗನಿಂದ. ಅವನು ನನ್ನ ತೊಡೆಯ ಮೇಲೆ ಕೂತು ಆಡಿದ ದಿನ ಅವನ ಮೈಮೇಲೆ ಒಂದು ಗುಳ್ಳೆಯೂ ಇರಲಿಲ್ಲ. ಗುಳ್ಳೆಗಳು ಎದ್ದದ್ದು ಮರುದಿನ. ಈ ವೈರಸ್ ಗುಳ್ಳೆ ಕಾಣಿಸುವುದಕ್ಕೆ ಒಂದೆರಡು ದಿನ ಮೊದಲೇ ಹರಡಲು ಶುರುವಾಗುತ್ತದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ನಾನು ಹೆದರುತ್ತಿರಲಿಲ್ಲ, ಏಕೆಂದರೆ ಚಿಕ್ಕವಳಿದ್ದಾಗಲೇ ಅದು ನನಗೆ ಬಂದುಹೋಗಿದೆ ಎಂದು ನಾನು ನಂಬಿದ್ದೆ. ಹದಿನೈದನೆಯ ದಿನ ಜ್ವರ ಬಂದು, ಬೆನ್ನೆಲ್ಲ ನೋಯತೊಡಗಿ, ಹೊಟ್ಟೆಯ ಮೇಲೆ ಕೆಂಪು ಚುಕ್ಕೆಗಳು ಕಾಣಿಸಿದಾಗ ಅಮ್ಮನಿಗೆ ಫೋನ್ ಮಾಡಿದೆ. "ಇಲ್ಲಮ್ಮ, ನಿನಗೆ ಆಗ ಬಂದಿದ್ದು ದಡಾರ. ಇದು ಬಂದಿದ್ದು ನಿನ್ನ ಅಕ್ಕನಿಗೆ" ಎಂದರು. ದಡಾರವೇ ಬೇರೆ, ಇದೇ ಬೇರೆ. ಒಂದು ಬಂದುಹೋದರೆ ಇನ್ನೊಂದರಿಂದ ರಕ್ಷಣೆ ಸಿಗುವುದಿಲ್ಲ. ಸೋಂಕು ತಗಲಿದ 10ರಿಂದ 21 ದಿನಗಳೊಳಗೆ ಕಾಯಿಲೆ ಹೊರಬೀಳುತ್ತದೆ ಎಂಬ ಲೆಕ್ಕಕ್ಕೆ ನನ್ನ ಹದಿನೈದು ದಿನ ಸರಿಯಾಗಿ ಹೊಂದಿಕೊಂಡಿತು.

ಇನ್ನು ಲೋಷನ್ನಿನ ವಿಷಯ. ಕ್ಯಾಲಮೈನ್ ಎಂದರೆ ಮುಖ್ಯವಾಗಿ ಜಿಂಕ್ ಆಕ್ಸೈಡ್. ಅದಕ್ಕೆ ಗುಲಾಬಿ ಬಣ್ಣ ಬರುವುದು ಅತ್ಯಲ್ಪ ಪ್ರಮಾಣದಲ್ಲಿ ಸೇರಿರುವ ಕಬ್ಬಿಣದ ಆಕ್ಸೈಡಿನಿಂದ. ನಾನು ಕೊಂಡ ಮೊದಲ ಬಾಟಲಿಯಲ್ಲಿ ಇದರ ಜೊತೆಗೆ ಇನ್ನಷ್ಟು ಜಿಂಕ್ ಆಕ್ಸೈಡ್, ಪುಡಿ ತಳದಲ್ಲಿ ಗಟ್ಟಿಯಾಗದಂತೆ ತಡೆಯುವ ಬೆಂಟೊನೈಟ್ ಜೇಡಿ, ಚರ್ಮಕ್ಕೆ ಅಂಟಿಕೊಳ್ಳಲು ಗ್ಲಿಸರಿನ್, ಉಳಿದಂತೆ ನೀರು ಇದ್ದವು. ಪುಡಿ ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಪ್ರತಿ ಸಲವೂ ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಬೇಕು. ಜ್ವರದ ಮಂಪರಿನಲ್ಲಿ ಅಲುಗಾಡಿಸುವುದನ್ನು ಮರೆತ ರಾತ್ರಿ ಮೈಗೆ ಹತ್ತಿದ್ದು ಬರೀ ತಿಳಿನೀರು, ಅದರಿಂದ ಹತ್ತು ನಿಮಿಷದ ಸಮಾಧಾನವೂ ಸಿಗಲಿಲ್ಲ. ಇದು ಕೆಲಸ ಮಾಡುವ ಬಗೆ ಸರಳವಾದದ್ದು: ಹಚ್ಚಿದಾಗ ನೀರು ಆವಿಯಾಗುತ್ತ ಚರ್ಮದ ಬಿಸಿಯನ್ನು ಎಳೆದುಕೊಳ್ಳುತ್ತದೆ, ಉಳಿಯುವ ಪುಡಿ ಗುಳ್ಳೆಯ ಒಸರುವಿಕೆಯನ್ನು ಹೀರಿಕೊಳ್ಳುತ್ತದೆ. ವೈರಸ್ಸಿನ ಗೊಡವೆಗೆ ಅದು ಹೋಗುವುದೇ ಇಲ್ಲ.

ಎಡಗೈ ಮಣಿಕಟ್ಟಿನ ಒಳಬದಿಯಲ್ಲಿ ಎದ್ದ ಒಂದು ಗುಳ್ಳೆಯನ್ನು ನಾನು ಮೊದಲಿನಿಂದ ಕೊನೆಯವರೆಗೆ ಗಮನಿಸಿದೆ. ಬೆಳಗ್ಗೆ ಅದು ಸೊಳ್ಳೆ ಕಚ್ಚಿದಂಥ ಕೆಂಪು ಚುಕ್ಕೆ. ಮಧ್ಯಾಹ್ನದ ಹೊತ್ತಿಗೆ ಕೈಗೆ ಸಿಗುವ ಗಂಟು. ರಾತ್ರಿ ಆ ಕೆಂಪಿನ ನಡುವೆ ಇಬ್ಬನಿ ನಿಂತ ಹಾಗೆ ತಿಳಿನೀರಿನ ಪುಟ್ಟ ಬೊಬ್ಬೆ. ಮರುದಿನ ನೀರು ಮಸುಕಾಯಿತು, ಬೊಬ್ಬೆಯ ನಡುವೆ ಕುಳಿ ಬಿತ್ತು, ಆಮೇಲೆ ಕಂದು ಹಕ್ಕಳೆಗಟ್ಟಿತು. ಈ ಎಲ್ಲ ಹಂತಗಳಲ್ಲಿ ಸಹಿಸಲು ಅಸಾಧ್ಯವಾದ ನವೆ ಇದ್ದದ್ದು ನೀರು ತುಂಬಿದ ಆ ರಾತ್ರಿಯಲ್ಲಿ. ಹತ್ತಿಯ ಉಂಡೆಯಲ್ಲಿ ಲೋಷನ್ ಅದ್ದಿ, ಉಜ್ಜದೆ, ಗುಳ್ಳೆಯ ಮೇಲೆ ಮೆಲ್ಲಗೆ ಒತ್ತಿದರೆ ಮೊದಲು ತಣ್ಣಗಾಗುತ್ತಿತ್ತು; ಗುಲಾಬಿ ಬಣ್ಣ ಅಂಚಿನಿಂದ ಒಳಮುಖವಾಗಿ ಬಿಳಿಚಿಕೊಳ್ಳುತ್ತ ಹೋಗಿ, ಕೆರೆಯ ತಳದ ಒಣಮಣ್ಣಿನಂತೆ ಸಣ್ಣಗೆ ಬಿರುಕು ಬಿಡುವ ಹೊತ್ತಿಗೆ ನವೆ ಮರಳುತ್ತಿತ್ತು. ಗಡಿಯಾರ ನೋಡಿ ಹೇಳುವುದಾದರೆ, ನನಗೆ ಒಂದು ಸಲಕ್ಕೆ ನಲವತ್ತು ನಿಮಿಷದಿಂದ ಒಂದು ಗಂಟೆಯವರೆಗೆ ಆರಾಮ ಸಿಕ್ಕಿತು. ಕಡಿಮೆ ಎನ್ನಿಸಬಹುದು, ಆದರೆ ಕೆರೆದುಕೊಳ್ಳದೆ ನಿದ್ದೆಗೆ ಜಾರಲು ಆ ನಲವತ್ತು ನಿಮಿಷ ಸಾಕಾಗುತ್ತಿತ್ತು. ಕೆರೆದ ಗುಳ್ಳೆಗೆ ಉಗುರಿನಿಂದ ಬ್ಯಾಕ್ಟೀರಿಯಾ ಸೇರಿ ಕೀವಾಗುವುದು, ಆಳವಾದ ಕಲೆ ಉಳಿಯುವುದು ಈ ಕಾಯಿಲೆಯಲ್ಲಿ ಬಹಳ ಸಾಮಾನ್ಯ, ಆದ್ದರಿಂದ ಈ ಸಣ್ಣ ಆರಾಮವನ್ನು ನಾನು ಹಗುರವಾಗಿ ಕಾಣುವುದಿಲ್ಲ.

ಬಳಕೆಯಲ್ಲಿ ನಾನು ಮಾಡಿದ ಎರಡು ತಪ್ಪುಗಳನ್ನು ಹೇಳಲೇಬೇಕು. ತಲೆಯ ಮೇಲೂ ಗುಳ್ಳೆಗಳು ಏಳುತ್ತವೆ, ಅಲ್ಲಿನ ನವೆ ಮೈಯ ನವೆಗಿಂತ ಹೆಚ್ಚು. ಅಲ್ಲಿಗೂ ಲೋಷನ್ ಸುರಿದುಕೊಂಡೆ. ಅದು ಕೂದಲಿನೊಂದಿಗೆ ಸೇರಿ ಗಟ್ಟಿಯಾಗಿ, ಬಾಚಣಿಗೆ ತಾಗಿಸಲಾರದ ಗಂಟುಗಳಾದವು. ಎರಡನೆಯ ತಪ್ಪು, ಒಣಗಿದ ಪದರದ ಮೇಲೆ ಮತ್ತೆ ಮತ್ತೆ ಪದರ ಹಚ್ಚಿದ್ದು. ಮೂರನೆಯ ದಿನ ಸ್ನಾನಕ್ಕೆ ಹೋದಾಗ ಹೊಟ್ಟೆಯ ಮೇಲಿನ ದಪ್ಪ ಪದರ ಕಳಚುವಾಗ ಎಳೆಯ ಹಕ್ಕಳೆಗಳನ್ನೂ ಕಿತ್ತುಕೊಂಡು ಬಂತು, ಅಲ್ಲಿ ಎರಡು ಗುಳಿಗಳು ಈಗಲೂ ಇವೆ. ಹಳೆಯ ಪದರವನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ತೊಳೆದು, ಬಟ್ಟೆಯಿಂದ ಒತ್ತಿ ಒರೆಸಿ, ಆಮೇಲೆ ಹೊಸದಾಗಿ ಹಚ್ಚುವುದೇ ಸರಿ. ಕಣ್ಣಿನ ಹತ್ತಿರ, ಬಾಯೊಳಗೆ, ಒಡೆದು ಹಸಿಯಾದ ಗಾಯದ ಮೇಲೆ ಇದನ್ನು ಹಚ್ಚಬಾರದು.

ಕಳೆದುಹೋದ ಒಂದೂವರೆ ದಿನದ ವಿಷಯಕ್ಕೆ ಬರುತ್ತೇನೆ. ಗುಳ್ಳೆ ಕಂಡ ಬೆಳಗ್ಗೆ ನನ್ನ ಗಂಡ ಮೆಡಿಕಲ್ ಅಂಗಡಿಗೆ ಹೋಗಿ ವಿಷಯ ತಿಳಿಸಿದಾಗ, ಅಲ್ಲಿದ್ದವರು ಈ ಬಾಟಲಿಯನ್ನೂ ಜ್ವರದ ಮಾತ್ರೆಯನ್ನೂ ಕೊಟ್ಟು "ಹಚ್ಚಿಕೊಂಡು ವಿಶ್ರಾಂತಿ ತೆಗೆದುಕೊಳ್ಳಲಿ, ವಾರದಲ್ಲಿ ಹೋಗುತ್ತದೆ" ಎಂದಿದ್ದರು. ಆರೋಗ್ಯವಂತ ಮಗುವಿನ ವಿಷಯದಲ್ಲಿ ಆ ಮಾತು ಬಹುಮಟ್ಟಿಗೆ ನಿಜ. ರೋಗಿಯ ವಯಸ್ಸು ಎಷ್ಟು ಎಂದು ಅವರು ಕೇಳಲಿಲ್ಲ, ಹೇಳಬೇಕೆಂದು ನಮಗೂ ಹೊಳೆಯಲಿಲ್ಲ. ಲೋಷನ್ ಹಚ್ಚಿದೊಡನೆ ನವೆ ತಗ್ಗಿತು. ನವೆ ತಗ್ಗಿದ್ದನ್ನೇ ಕಾಯಿಲೆ ತಗ್ಗಿತು ಎಂದುಕೊಂಡು ನಾನು ಮಲಗಿದೆ. ಮರುದಿನ ಸಂಜೆ ಒಣಕೆಮ್ಮು ಶುರುವಾದಾಗ ಗಂಡನೇ ಹಠ ಹಿಡಿದು ವೈದ್ಯರಿಗೆ ಫೋನ್ ಮಾಡಿದರು. ಚಿಕನ್‌ಪಾಕ್ಸ್ ಎಂದು ಮೊದಲೇ ಹೇಳಿದ್ದರಿಂದ ಅವರು ನಮ್ಮನ್ನು ಕಾಯುವ ಕೋಣೆಗೆ ಬರಗೊಡದೆ, ಹೊರಗೆ ವಾಹನದಲ್ಲೇ ಇರಲು ತಿಳಿಸಿ, ಕೊನೆಯಲ್ಲಿ ಒಳಗೆ ಕರೆದರು. ಫೋನ್ ಮಾಡದೆ ಹೋಗಿ ಕೂತಿದ್ದರೆ ಆ ಕೋಣೆಯಲ್ಲಿದ್ದ ಗರ್ಭಿಣಿಯರಿಗೂ ಹಸುಗೂಸುಗಳಿಗೂ ನಾನು ಸೋಂಕು ಹಂಚುತ್ತಿದ್ದೆ.

ವೈದ್ಯರು ಎದೆಯ ಸದ್ದು ಕೇಳಿ, ರಕ್ತದ ಆಮ್ಲಜನಕ ನೋಡಿ, ಎಕ್ಸ್-ರೇ ತೆಗೆಸಿದರು. ವಯಸ್ಕರಲ್ಲಿ ಈ ವೈರಸ್ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯ ಮಕ್ಕಳಿಗಿಂತ ಹೆಚ್ಚು, ಧೂಮಪಾನಿಗಳಲ್ಲಿ ಮತ್ತು ಗರ್ಭಿಣಿಯರಲ್ಲಿ ಇನ್ನೂ ಹೆಚ್ಚು. ನನ್ನ ಶ್ವಾಸಕೋಶ ಅದೃಷ್ಟವಶಾತ್ ಸ್ವಚ್ಛವಾಗಿತ್ತು. ಅಸೈಕ್ಲೊವಿರ್ 800 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಐದು ಸಲದಂತೆ ಏಳು ದಿನ ಬರೆದುಕೊಟ್ಟು, ಇದನ್ನು ಗುಳ್ಳೆ ಕಂಡ 24 ಗಂಟೆಯೊಳಗೆ ಶುರುಮಾಡಿದ್ದರೆ ಹೆಚ್ಚು ಪ್ರಯೋಜನವಾಗುತ್ತಿತ್ತು ಎಂದರು. ಕಾರಣವನ್ನೂ ವಿವರಿಸಿದರು: ಈ ಔಷಧ ಈಗಾಗಲೇ ಹುಟ್ಟಿದ ವೈರಸ್ಸನ್ನು ಕೊಲ್ಲುವುದಿಲ್ಲ, ಅದು ತನ್ನ ಪ್ರತಿಗಳನ್ನು ಮಾಡಿಕೊಳ್ಳುವುದನ್ನು ತಡೆಯುತ್ತದೆ, ಪ್ರತಿಗಳು ಮೈತುಂಬ ಹರಡಿಯಾದ ಮೇಲೆ ತಡೆಯುವುದಕ್ಕೆ ಉಳಿಯುವುದು ಕಡಿಮೆ. 1988ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಗರ್ಟ್ರೂಡ್ ಎಲಿಯನ್ ಅವರ ತಂಡ ಬೆಳಕಿಗೆ ತಂದ ಈ ಔಷಧ, ಸೋಂಕು ತಗಲಿದ ಜೀವಕೋಶಗಳಲ್ಲಿ ವೈರಸ್ಸಿನದೇ ಕಿಣ್ವದಿಂದ ಚುರುಕಾಗುತ್ತದೆ ಎಂಬುದನ್ನು ಆಮೇಲೆ ಓದಿ ತಿಳಿದುಕೊಂಡೆ. ಇಂಥ ಮಾತ್ರೆ ಇದ್ದೂ ನಾನು ಗುಲಾಬಿ ನೀರನ್ನು ನಂಬಿ ಮಲಗಿದ್ದೆನಲ್ಲ ಎಂಬ ಸಂಕಟ ನನಗೆ ಇನ್ನೂ ಇದೆ.

ಲೋಷನ್ ನನ್ನನ್ನು ಇನ್ನೊಂದು ರೀತಿಯಲ್ಲೂ ದಾರಿ ತಪ್ಪಿಸಿತು. ಒಣಗಿದ ಪುಡಿಯ ಕೆಳಗೆ ಎಲ್ಲ ಗುಳ್ಳೆಗಳೂ ಹಕ್ಕಳೆಗಟ್ಟಿದಂತೆ ಕಾಣುತ್ತವೆ. ಐದನೆಯ ದಿನ ಕನ್ನಡಿಯಲ್ಲಿ ನೋಡಿಕೊಂಡು, ಇನ್ನು ಕೆಲಸಕ್ಕೆ ಹೋಗಬಹುದು ಎಂದು ತೀರ್ಮಾನಿಸಿದ್ದೆ. ಸ್ನಾನದಲ್ಲಿ ಪುಡಿ ತೊಳೆದುಹೋದ ಮೇಲೆ ನೋಡಿದರೆ ಬೆನ್ನಿನ ಮೇಲೆ ಹೊಸ ನೀರ್ಗುಳ್ಳೆಗಳ ಒಂದು ತಂಡವೇ ಇತ್ತು. ಚಿಕನ್‌ಪಾಕ್ಸ್ ಒಂದೇ ಸಲಕ್ಕೆ ಎದ್ದು ಮುಗಿಯುವುದಿಲ್ಲ, ಕಂತುಕಂತಾಗಿ ಏಳುತ್ತದೆ. ಕೊನೆಯ ಗುಳ್ಳೆಯೂ ಹಕ್ಕಳೆಗಟ್ಟುವವರೆಗೆ ರೋಗಿಯಿಂದ ಸೋಂಕು ಹರಡುತ್ತದೆ. ಗುಳ್ಳೆ ಏಳುವ ಹಿಂದಿನ ದಿನ ನಾನು ಕಚೇರಿಯಲ್ಲಿದ್ದೆ, ನನ್ನ ಪಕ್ಕದ ಕುರ್ಚಿಯಲ್ಲಿ ಐದು ತಿಂಗಳ ಗರ್ಭಿಣಿಯಾದ ಸಹೋದ್ಯೋಗಿ ಇದ್ದರು. ವೈದ್ಯರು ಹೇಳಿದ ಕೂಡಲೇ ಅವರಿಗೆ ಫೋನ್ ಮಾಡಿದೆ; ಆ ಕಾಯಿಲೆಯ ದಿನಗಳಲ್ಲಿ ನಾನು ಮಾಡಿದ ಅತ್ಯಂತ ಕಷ್ಟದ ಕೆಲಸ ಅದು. ಅವರು ಮರುದಿನವೇ ರಕ್ತದ ಪ್ರತಿಕಾಯ ಪರೀಕ್ಷೆ ಮಾಡಿಸಿಕೊಂಡರು, ಬಾಲ್ಯದಲ್ಲೇ ಬಂದುಹೋಗಿದ್ದರ ರಕ್ಷಣೆ ಅವರಲ್ಲಿತ್ತು. ಆ ಸುದ್ದಿ ಬರುವವರೆಗೆ ನನಗೆ ನಿದ್ದೆ ಬರಲಿಲ್ಲ.

ಎರಡನೆಯ ಬಾಟಲಿ ಕೊಳ್ಳುವಾಗ ಇನ್ನೊಂದು ಎಚ್ಚರ ಕಲಿತೆ. ಬಣ್ಣ ಅದೇ, ಹೊರಗಿನ ಹೆಸರೂ ಕ್ಯಾಲಮೈನ್. ಆದರೆ ಸಣ್ಣ ಅಕ್ಷರಗಳಲ್ಲಿ ಡೈಫೆನ್‌ಹೈಡ್ರಮೀನ್ ಎಂದಿತ್ತು. ಇದು ಅಲರ್ಜಿ ತಡೆಯುವ ಔಷಧ. ಸೊಳ್ಳೆ ಕಚ್ಚಿದ ಜಾಗಕ್ಕೆ ಒಂದಿಷ್ಟು ಹಚ್ಚುವುದು ಬೇರೆ ಮಾತು. ಚಿಕನ್‌ಪಾಕ್ಸ್‌ನಲ್ಲಿ ಮೈತುಂಬ, ಒಡೆದ ಚರ್ಮದ ಮೇಲೆಲ್ಲ ಹಚ್ಚಿದರೆ ಅದು ರಕ್ತಕ್ಕೆ ಸೇರಿ ಗೊಂದಲ, ಭ್ರಮೆಯಂಥ ತೊಂದರೆ ತರಬಲ್ಲದು. ಅದೂ ಅಲ್ಲದೆ ರಾತ್ರಿಯ ನವೆಗೆಂದು ನಾನು ಅದೇ ಜಾತಿಯ ಮಾತ್ರೆಯನ್ನು ನುಂಗುತ್ತಿದ್ದೆ. ಬಾಟಲಿಯನ್ನು ಹಿಂತಿರುಗಿಸಿ, ಬರೀ ಕ್ಯಾಲಮೈನ್ ಮತ್ತು ಜಿಂಕ್ ಆಕ್ಸೈಡ್ ಇರುವುದನ್ನು ತರಿಸಿಕೊಂಡೆ. ಕೊಳ್ಳುವವರು ಮುಂಭಾಗದ ಹೆಸರನ್ನಲ್ಲ, ಹಿಂಭಾಗದ ಘಟಕಗಳ ಪಟ್ಟಿಯನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಬೇರೆ ಉಪಾಯಗಳ ಜೊತೆ ಹೋಲಿಸಿದರೆ, ಉಗುರುಬೆಚ್ಚಗಿನ ನೀರಿನ ಸ್ನಾನ ಲೋಷನ್ನಿಗಿಂತ ಹೆಚ್ಚು ಹೊತ್ತು ಸಮಾಧಾನ ಕೊಟ್ಟಿತು, ಆದರೆ ನಡುರಾತ್ರಿ ಎದ್ದು ಸ್ನಾನ ಮಾಡುವ ಶಕ್ತಿ ನನ್ನಲ್ಲಿರಲಿಲ್ಲ. ಉಗುರುಗಳನ್ನು ಬುಡದವರೆಗೆ ಕತ್ತರಿಸಿದ್ದು ಬಹಳ ಉಪಯೋಗಕ್ಕೆ ಬಂತು. ಜ್ವರಕ್ಕೆ ವೈದ್ಯರು ಪ್ಯಾರಾಸಿಟಮಾಲ್ ಮಾತ್ರ ಹೇಳಿದರು. ಚಿಕನ್‌ಪಾಕ್ಸ್ ಇದ್ದಾಗ ಆಸ್ಪಿರಿನ್ ಬೇಡ, ಐಬುಪ್ರೊಫೆನ್ ಕೂಡ ಬೇಡ ಎಂದು ಎರಡು ಸಲ ಒತ್ತಿ ಹೇಳಿದರು.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಕಡಿದ ಒಂದೂವರೆ ಅಂಕ ಲೋಷನ್ನಿನ ಗುಣಕ್ಕಲ್ಲ, ಅದರ ಲೇಬಲ್ಲಿಗೆ. "ಚಿಕನ್‌ಪಾಕ್ಸ್ ನವೆಗೆ" ಎಂದು ಅಚ್ಚು ಹಾಕಿದವರು, ಅದರ ಕೆಳಗೆ "ವಯಸ್ಕರು ಮತ್ತು ಗರ್ಭಿಣಿಯರು ಅದೇ ದಿನ ವೈದ್ಯರನ್ನು ಕಾಣಬೇಕು" ಎಂಬ ಒಂದು ಸಾಲನ್ನು ಸೇರಿಸಬಹುದಿತ್ತು. ಜಾಗವೇನೂ ಕಡಿಮೆ ಇರಲಿಲ್ಲ. ಬಾಟಲಿಯ ಹಿಂಬದಿಯ ಅರ್ಧ ಭಾಗ ಖಾಲಿಯೇ ಇತ್ತು. ಮುಚ್ಚಳವೂ ಸಡಿಲ, ಮಲಗಿಸಿ ಇಟ್ಟರೆ ಸೋರುತ್ತದೆ. ಬಟ್ಟೆಗೆ ಹತ್ತಿದ ಪುಡಿ ಮಾತ್ರ ಮಾಮೂಲಿ ಒಗೆತದಲ್ಲೇ ಹೋಯಿತು.

ನನ್ನ 28 ವರ್ಷದ ತಮ್ಮನಿಗೂ ಈ ಕಾಯಿಲೆ ಬಂದಿರಲಿಲ್ಲ ಎಂದು ಅಮ್ಮ ನೆನಪು ಮಾಡಿಕೊಂಡರು. ಜಪಾನಿನ ಮಿಚಿಯಾಕಿ ತಕಾಹಾಶಿ 1974ರಲ್ಲಿ ರೂಪಿಸಿದ ಲಸಿಕೆ ಇದಕ್ಕೆ ಇದೆ. ವಯಸ್ಕರಿಗೆ ಅದನ್ನು ನಾಲ್ಕರಿಂದ ಎಂಟು ವಾರಗಳ ಅಂತರದಲ್ಲಿ ಎರಡು ಡೋಸ್ ಕೊಡುತ್ತಾರೆ. ನಾನು ಹಾಸಿಗೆಯಲ್ಲಿದ್ದಾಗಲೇ ಅವನು ಮೊದಲ ಡೋಸ್ ಹಾಕಿಸಿಕೊಂಡ, ಎರಡನೆಯದರ ತಾರೀಖನ್ನು ನಾನೇ ಬರೆದಿಟ್ಟಿದ್ದೇನೆ. ನನ್ನೊಳಗಿನ ವೈರಸ್ ನರಗಳ ಬುಡದಲ್ಲಿ ಮಲಗಿಯೇ ಇರುತ್ತದೆ, ಎಂದಾದರೂ ಸರ್ಪಸುತ್ತಾಗಿ ಎದ್ದರೂ ಏಳಬಹುದು. ಹಾಗಾದ ದಿನ ಯಾವುದೇ ಲೋಷನ್ನಿಗೆ ಮೊದಲು ವೈದ್ಯರಿಗೆ ಫೋನ್ ಮಾಡುತ್ತೇನೆ. ಉಳಿದಿದ್ದ ಕಾಲು ಬಾಟಲಿಯನ್ನು, ಗುಳ್ಳೆಗೆ ತಾಗಿದ ಹತ್ತಿಯನ್ನು ಅದರ ಬಾಯಿಗೇ ಒತ್ತಿ ಅದ್ದಿಕೊಂಡಿದ್ದರಿಂದ, ಬೇರೆಯವರಿಗೆ ಕೊಡದೆ ಎಸೆದೆ.