ಒಂದು ಗೀರು ತೆಗೆಸಲು ಹೋಗಿ ಇಡೀ ಬಾಗಿಲಿಗೆ ಬಣ್ಣ ಹೊಡೆಸಿದೆ

ಕಾರಿನ ಡ್ರೈವರ್ ಬಾಗಿಲ ಮೇಲೆ ಗೇಣುದ್ದದ ಒಂದು ಗೀರು. ಯಾರದೋ ಬ್ಯಾಗಿನ ಜಿಪ್ ಉಜ್ಜಿರಬೇಕು. ನೀರು ಹಾಕಿದರೆ ಮಾಯ, ಒಣಗಿದರೆ ಮತ್ತೆ ಬೆಳ್ಳಗೆ ಕಾಣುತ್ತಿತ್ತು. ಸುಮ್ನೆ ಬಿಟ್ಟಿದ್ದರೆ ಇವತ್ತಿಗೂ ಅಷ್ಟೇ ಇರುತ್ತಿತ್ತು. ಬಿಡಲಿಲ್ಲ.

ಕಾರು ತೊಳೆಯುವ ಜಾಗದಲ್ಲಿ ಒಬ್ಬ, "ಅರ್ಧ ಗಂಟೆ ಸಾಕು ಸರ್, ಗೀರು ಇತ್ತು ಅಂತಾನೇ ಗೊತ್ತಾಗಲ್ಲ" ಅಂದ. ಒಪ್ಪಿದೆ. ಮೊದಲು ಸ್ಯಾಂಡ್ ಪೇಪರ್ ಒದ್ದೆ ಮಾಡಿ ತಿಕ್ಕಿದ. ಆಮೇಲೆ ಕಾಂಪೌಂಡ್ ಅನ್ನುವ ತೇಯುವ ಪೇಸ್ಟ್ ಮೆತ್ತಿ ಪಾಲಿಶ್ ಮಷೀನ್ ಹಿಡಿದ. ಬಾಗಿಲಿಗೆ ಉದ್ದಕ್ಕೂ ಒಂದು ಏಣು ಇರುತ್ತದಲ್ಲ, ಅಲ್ಲೇ ಮಷೀನ್ ನಿಲ್ಲಿಸಿ ಒತ್ತುತ್ತಿದ್ದ. ಸ್ವಲ್ಪ ಸುಟ್ಟ ವಾಸನೆ ಬಂತು. ನೋಡಿದರೆ ಮಷೀನಿನ ಬಿಳಿ ಪ್ಯಾಡಿನ ಮೇಲೆ ನನ್ನ ಕಾರಿನ ನೀಲಿ. ಕೇಳಿದ್ದಕ್ಕೆ "ಹಳೇ ಕೊಳೆ ಸರ್" ಅಂದ. ನೀಲಿ ಕೊಳೆ! ಅದನ್ನೂ ನಂಬಿದೆ ನೋಡಿ.

ಕೆಲಸ ಮುಗಿದಾಗ ಬಾಗಿಲು ಕನ್ನಡಿ ಥರ ಹೊಳೆಯುತ್ತಿತ್ತು. ಖುಷಿಯಿಂದ ದುಡ್ಡು ಕೊಟ್ಟು ಬಂದೆ. ಮೂರು ಸಲ ತೊಳೆದ ಮೇಲೆ ಅವನ ಕೆಲಸದ ಬಣ್ಣ ಬಯಲಾಯಿತು. ಗೀರು ಅಲ್ಲೇ ಇತ್ತು. ಬಿಸಿಲಿಗೆ ನಿಲ್ಲಿಸಿದರೆ ಅದರ ಸುತ್ತ ಜೇಡರ ಬಲೆಯಂತೆ ಸಣ್ಣ ಸಣ್ಣ ಸುತ್ತುಗೀರುಗಳು. ಏಣಿನ ಮೇಲೆ ಬೆರಳಗಲದ ಮಂಕು ಪಟ್ಟಿ. ಕೆಲವು ತಿಂಗಳಲ್ಲಿ ಆ ಪಟ್ಟಿ ಬಿಳಿಚಿಕೊಂಡು, ಅಂಚಿನಲ್ಲಿ ಸಿಪ್ಪೆ ಏಳತೊಡಗಿತು.

ಕೊನೆಗೆ ಬಣ್ಣದ ಕೆಲಸ ಚೆನ್ನಾಗಿ ಗೊತ್ತಿದ್ದವರೊಬ್ಬರಿಗೆ ತೋರಿಸಿದೆ. ಅವರು ಬಣ್ಣದ ದಪ್ಪ ಅಳೆಯುವ ಮೀಟರ್ ಇಟ್ಟರು. ಬಾಗಿಲಿನ ಕೆಳಭಾಗದಲ್ಲಿ 118 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಏಣಿನ ಮೇಲೆ 66.

ಇಷ್ಟು ನನಗೆ ಮೊದಲೇ ಗೊತ್ತಿದ್ದರೆ! ಕಾರ್ಖಾನೆಯಿಂದ ಬಂದ ಬಣ್ಣ ಒಟ್ಟು ಸುಮಾರು 100ರಿಂದ 150 ಮೈಕ್ರಾನ್ ದಪ್ಪ ಇರುತ್ತದೆ. ಅದರಲ್ಲಿ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, 40–50 ಮೈಕ್ರಾನ್ ಇದ್ದರೆ ಜಾಸ್ತಿ. ತಲೆಗೂದಲಿಗಿಂತ ತೆಳು. ಹೊಳಪು ಕೊಡುವುದೂ ಅದೇ, ಒಳಗಿನ ಬಣ್ಣವನ್ನು ಬಿಸಿಲಿನಿಂದ ಕಾಯುವುದೂ ಅದೇ. ಕಾಂಪೌಂಡ್ ಗೀರನ್ನು ತುಂಬುವುದಿಲ್ಲ. ಗೀರಿನ ಸುತ್ತಲಿನದನ್ನು ತೇದು ಗೀರಿನ ಆಳಕ್ಕೆ ಇಳಿಸುತ್ತದೆ. ಪ್ರತಿ ಸಲ ಪಾಲಿಶ್ ಮಾಡಿಸಿದಾಗಲೂ ಒಂದಿಷ್ಟು ಪದರ ಹೋಯಿತು ಅಂತಲೇ ಲೆಕ್ಕ. ಏಣು, ಅಂಚುಗಳಲ್ಲಿ ಬಣ್ಣ ಮೊದಲೇ ತೆಳು, ಮಷೀನಿನ ಒತ್ತಡವೆಲ್ಲ ಅಲ್ಲೇ ಬೀಳುತ್ತದೆ. ತಿಳಿದವರು ಅಲ್ಲಿ ಟೇಪ್ ಅಂಟಿಸಿ ಕೆಲಸ ಮಾಡುತ್ತಾರೆ. ಪ್ಯಾಡಿಗೆ ಕಾರಿನ ಬಣ್ಣ ಹತ್ತಿತು ಅಂದರೆ ಕ್ಲಿಯರ್ ಕೋಟ್ ದಾಟಿ ಹೋಗಿದೆ ಅಂತ ಅರ್ಥ, ತಕ್ಷಣ ನಿಲ್ಲಿಸಿ ಅನ್ನಿ.

ಮತ್ತೆ ಆ ಮೊದಲ ದಿನದ ಹೊಳಪು? ಪಾಲಿಶ್‌ನಲ್ಲಿರುವ ಎಣ್ಣೆ, ವ್ಯಾಕ್ಸ್ ಗೀರಿನೊಳಗೆ ಕೂತಿದ್ದವು, ತೊಳೆದಾಗ ಹೋದವು. ದುಡ್ಡು ಕೊಡುವ ಮುಂಚೆ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ನೀರು ಬೆರೆಸಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿಸಿ, ಬಿಸಿಲಲ್ಲಿ ನೋಡಿ. ಆಗಲೂ ಗೀರು ಕಾಣದಿದ್ದರೆ ಕೆಲಸ ಸರಿಯಾಗಿದೆ. ಕೆಲಸ ಶುರು ಮಾಡಿಸುವ ಮೊದಲೇ ಗೀರಿಗೆ ಉಗುರು ಅಡ್ಡ ಎಳೆದು ನೋಡಿ. ಸಿಕ್ಕಿಕೊಂಡರೆ ಆ ಗೀರು ಪಾಲಿಶ್‌ಗೆ ಪೂರ್ತಿ ಹೋಗುವಂಥದ್ದಲ್ಲ. ಟೂತ್‌ಪೇಸ್ಟ್ ಹಚ್ಚಿ ಅನ್ನುವವರಿಗೂ ಒಂದು ಮಾತು: ಅದೂ ತೇಯುವ ಪದಾರ್ಥವೇ.

ನನ್ನದು ಮೆಟಾಲಿಕ್ ನೀಲಿ. ಪಟ್ಟಿಗಷ್ಟೇ ಬಣ್ಣ ಹೊಡೆದರೆ ತೇಪೆ ಹಾಕಿದಂತೆ ಕಾಣುತ್ತದೆ ಅಂದರು. ಹಾಗಾಗಿ ಇಡೀ ಬಾಗಿಲಿಗೆ ಹೊಡೆದು, ಪಕ್ಕದ ಫೆಂಡರಿಗೂ, ಅಂದರೆ ಮುಂದಿನ ಚಕ್ರದ ಮೇಲಿನ ತಗಡಿಗೂ, ವ್ಯತ್ಯಾಸ ಕಾಣದಂತೆ ಬಣ್ಣ ಬೆರೆಸಿ ಎಳೆಯಬೇಕಾಯಿತು. ಖರ್ಚು ಕೇಳಬೇಡಿ. ಸಂಜೆ ಬೆಳಕಲ್ಲಿ ಆ ಬಾಗಿಲು ಇನ್ನೂ ಒಂಚೂರು ಗಾಢವಾಗಿ ಕಾಣುತ್ತದೆ, ಬೇರೆಯವರಿಗೆ ಗೊತ್ತಾಗಲ್ಲ, ನನಗೆ ಗೊತ್ತಾಗುತ್ತದೆ.

ಹೋದ ವಾರ ಹಿಂದಿನ ಬಂಪರಿಗೆ ಇನ್ನೊಂದು ಗೀರು ಬಿದ್ದಿದೆ. ಪ್ಲಾಸ್ಟಿಕ್ ತಾನೆ, ತುಕ್ಕು ಹಿಡಿಯಲ್ಲ. ಇರಲಿ ಬಿಡಿ.